ಕಂಪನಿ ಡಾಕ್ಟರ ಕಿವಿ ಪರೀಕ್ಷೆ

ಹಾಸ್ಟೆಲ್, ಮೇಲಿನ ಮಹಡಿ
ಜುಲೈ ೧೪

ಅಮ್ಮಾ,

ತಲುಪಿದ್ದೇನೆ, ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ, ಚಾದರ ಸಾಕಾಗುತ್ತದೆ. ನೀನು ಕೇಳುವುದಕ್ಕೆಲ್ಲ ಮೊದಲೇ ಉತ್ತರ ಬರೆದೆ. ಈಗ ನನ್ನ ಮಾತು.

ಇಲ್ಲಿ ಎಲ್ಲರೂ ನನಗಿಂತ ಜಾಣರು. ಹಾಜರಿ ಕೂಗುವಾಗ ನನ್ನ ನಂಬರ್ ಹತ್ತಿರ ಬಂದಂತೆಲ್ಲ ಉತ್ತರವನ್ನು ಒಳಗೊಳಗೇ ಹೇಳಿಕೊಳ್ಳುತ್ತೇನೆ. 'ಪ್ರೆಸೆಂಟ್' ಅನ್ನಲು ದನಿ ಹೊರಡುವುದಿಲ್ಲ. ಪಕ್ಕದ ಹಾಸಿಗೆಯವಳು ಕೇಳಿದಳು, "ಎಲ್ಲಾ ಬಿಟ್ಟು ಈ ಕಿವಿ ಕೋರ್ಸ್ ಯಾಕೆ ತಗೊಂಡೆ? ನರ್ಸಿಂಗ್ ಸಿಗ್ತಿತ್ತಲ್ಲ?" ಅಡ್ಮಿಷನ್ ಇಂಟರ್‌ವ್ಯೂನಲ್ಲಿ ಹೇಳಿದ್ದನ್ನೇ ಅವಳಿಗೂ ಹೇಳಿದೆ: ಓದಿದ್ದು ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಬೇಕು ಅಂತ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದ ವಾಕ್ಯ. ಸುಳ್ಳು ಅಮ್ಮಾ. ನಾನು ಬಂದಿರುವುದು ಒಬ್ಬನೇ ಒಬ್ಬನಿಗಾಗಿ. ನಿನ್ನ ಕಂಪನಿ ಡಾಕ್ಟರಿಗಾಗಿ.

ಇವತ್ತು ಮೊದಲ ಪ್ರಾಕ್ಟಿಕಲ್. ಕಲ್ಲು ಒಡೆಯುವ ಯಂತ್ರದ ಹತ್ತಿರ ಬಹಳ ಕಾಲ ಕೆಲಸ ಮಾಡಿದ ಒಬ್ಬ ಅಜ್ಜನನ್ನು ಮೇಡಂ ಎದುರಿಗೆ ಕೂರಿಸಿಕೊಂಡರು. "ಬಸ್ಸಲ್ಲಿ ಬಂದ್ರಾ? ಸೀಟು ಸಿಕ್ತಾ?" ಅಂದರು. ಅಜ್ಜ, "ಎಲ್ಲಿ ಸಿಗುತ್ತೆ ತಾಯಿ, ನೇತಾಡ್ಕೊಂಡೇ ಬಂದೆ" ಅಂದರು. ಕಿವಿ ಚೆನ್ನಾಗಿದೆ ಅಂತ ನಾವೆಲ್ಲ ಬರೆದುಕೊಂಡೆವು. ಆಮೇಲೆ ಮೇಡಂ ಒಂದು ರಟ್ಟಿನ ತುಂಡನ್ನು ತಮ್ಮ ಬಾಯಿಗೆ ಅಡ್ಡ ಹಿಡಿದು, ಅದೇ ದನಿಯಲ್ಲಿ, "ಮನೇಲಿ ಮೊಮ್ಮಕ್ಕಳಿದಾರಾ?" ಅಂದರು. ಅಜ್ಜ ರಟ್ಟನ್ನೇ ನೋಡುತ್ತಾ ಕೂತರು. ಅದರ ಮೇಲೇನಾದರೂ ಬರೆದಿದೆಯೇನೋ ಅನ್ನುವ ಹಾಗೆ.

"ಇವರು ಇಷ್ಟು ಹೊತ್ತು ಕೇಳಿಸ್ಕೊಳ್ತಿರ್ಲಿಲ್ಲ, ತುಟಿ ನೋಡ್ತಿದ್ರು" ಅಂದರು ಮೇಡಂ. "ಗದ್ದಲದಲ್ಲಿ ದುಡಿಯೋರಿಗೆ ಅದು ತಾನಾಗೇ ಬಂದ್ಬಿಡುತ್ತೆ. ಬಂದಿದೆ ಅಂತ ಅವರಿಗೇ ಗೊತ್ತಿರಲ್ಲ."

ನೀನು ಹೇಳಿದ್ದೆಲ್ಲ ಸಾಲುಸಾಲಾಗಿ ಕಣ್ಣ ಮುಂದೆ ಬಂತು. ಸರಿಯಾಗಿದೆಯಾ ನೋಡು: ಡಬ್ಬದ ಮುಚ್ಚಳ ಒತ್ತುವ ಪ್ರೆಸ್ಸು. ಗುಬ್ಬಿ ಅತ್ತೆ ತಗಡು ಇಡುತ್ತಾರೆ, ನೀನು ಪೆಡಲ್ ತುಳಿಯುತ್ತೀಯ. ಒಂದು ಮುಚ್ಚಳ ಅಚ್ಚಿನಲ್ಲಿ ಸಿಕ್ಕಿಕೊಂಡಿತು. ಅವರು ತಲೆ ಬಗ್ಗಿಸಿ ಕೈ ಹಾಕಿ, 'ನಿಲ್ಲು' ಅಂತ ಕೂಗಿದರು. ನೀನು ತುಳಿದೆ. ಅವರ ಎರಡು ಬೆರಳು ಹೋದವು. ವಿಚಾರಣೆಯಲ್ಲಿ ಡಾಕ್ಟರು, "ವರ್ಷಾ ವರ್ಷಾ ನಾನೇ ಟೆಸ್ಟ್ ಮಾಡಿದೀನಿ, ಇವಳ ಕಿವಿ ಸರಿಯಾಗಿದೆ. ಕೇಳಿಸಿದೆ, ಲಕ್ಷ್ಯ ಕೊಟ್ಟಿಲ್ಲ" ಅಂದ. ನಿನ್ನ ಕೆಲಸ ಹೋಯಿತು, ಬೀದಿಯಲ್ಲಿ 'ಬೆರಳು ತಿಂದವಳು' ಅನ್ನುವ ಹೆಸರು ಉಳಿಯಿತು.

ಅವನು ಟೆಸ್ಟ್ ಮಾಡುತ್ತಿದ್ದುದು ಹೇಗೆ ಅಮ್ಮಾ? ಎದುರಿಗೆ ಕೂತು, ಮುಖ ನೋಡಿಕೊಂಡು, "ಮಗಳು ಚೆನ್ನಾಗಿ ಓದ್ತಿದಾಳಾ?" ಅಂತ ಕೇಳುತ್ತಿದ್ದ, ಅಲ್ಲವಾ? ಅವನು ನಿನ್ನ ಕಿವಿಯನ್ನು ಒಮ್ಮೆಯೂ ಪರೀಕ್ಷೆ ಮಾಡಿಲ್ಲ. ಕಣ್ಣನ್ನು ಮಾಡಿದ್ದಾನೆ.

ಅವನನ್ನು ಬಿಡುವುದಿಲ್ಲ.

ಹಲ್ಲು ಕಚ್ಚಿಕೊಂಡು ಕೂತಿರುವ,
ನಿನ್ನ ಮಗಳು


ಆಗಸ್ಟ್ ೨

ಮಗಳಿಗೆ,

ಕಾಗದ ಬಂತು. ಇಸ್ತ್ರಿ ಅಂಗಡಿಯಲ್ಲೇ ನಿಂತು ಓದಿದೆ. ಯಾರದೋ ಅಂಗಿಯ ಕಾಲರು ಕಂದಿತು. ಯಜಮಾನರು ಏನೋ ಬೈದಿರಬೇಕು. ನಾನು ತಲೆ ಎತ್ತಲಿಲ್ಲ, ಹಾಗಾಗಿ ಏನು ಬೈದರೋ ಗೊತ್ತಿಲ್ಲ. ಇದನ್ನು ಬರೆಯುವಾಗ ಹೊಳೆಯಿತು ನೋಡು: ತಲೆ ಎತ್ತದಿದ್ದರೆ ನನ್ನ ಪಾಲಿಗೆ ಯಾರೂ ಮಾತೇ ಆಡಿರುವುದಿಲ್ಲ.

ದೊಡ್ಡವರನ್ನು 'ಅವನು' ಅಂತ ಬರೆದಿದ್ದೀಯ. ಹೊಡೆಯುವುದಿದ್ದರೂ 'ಅವರು' ಅಂತ ಹೇಳಿ ಹೊಡಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಏನು ಕಲಿಸಿದರು ನಿನಗೆ?

ನೀನು ಬರೆದದ್ದು ಸರಿಯಾಗಿದೆ, ಒಂದು ತುಂಡು ಬಿಟ್ಟು. ಅದನ್ನು ನಾನು ಯಾರಿಗೂ ಹೇಳಿಲ್ಲ. ಪೆಡಲ್ ತುಳಿಯುವ ಗಳಿಗೆಯಲ್ಲಿ ನನಗೆ ಏನೋ ಆದ ಹಾಗಾಯಿತು. ಅದು ಕೂಗೋ, ಗಾಳಿಯೋ, ನನ್ನ ಮನಸ್ಸೋ ತಿಳಿಯದು. ಡಾಕ್ಟರು 'ಇವಳಿಗೆ ಕೇಳಿಸಿದೆ' ಅಂದಾಗ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಓದಿದವರು, ನನ್ನ ಕಿವಿಯ ವಿಷಯ ನನಗಿಂತ ಅವರಿಗೆ ಹೆಚ್ಚು ಗೊತ್ತಿರಬೇಕು ಅಂದುಕೊಂಡೆ. ಗುಬ್ಬಿ ಇಡೀ ಬೀದಿಗೆ ಸಾರಿದ್ದನ್ನು ನಾನು ಒಳಗೊಳಗೇ ಒಪ್ಪಿಕೊಂಡಿದ್ದೇನೆ, ಕೇಳಿಸಿಯೂ ತುಳಿದೆ ಅಂತ. ಒಂದೇ ಡಬ್ಬಿಯಲ್ಲಿ ಉಂಡವಳು, ಈಗ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಾಳೆ.

ಆದ್ದರಿಂದ ಸೇಡು ಗೀಡು ಬೇಡ. ನೀನು ಆ ಗಂಟು ಬಿಚ್ಚಿ ನೋಡಿ, ಕಿವಿ ನಿಜವಾಗಿಯೂ ಚೆನ್ನಾಗಿದೆ ಅಂತ ಬಂದರೆ? ಈಗ ಬರೀ ಹೆಸರಿದೆ. ಆಮೇಲೆ ಅದು ಪರೀಕ್ಷೆ ಮಾಡಿ ಖಾತ್ರಿಪಡಿಸಿದ ಹೆಸರಾಗುತ್ತದೆ.

ತಲೆಗೆ ಎಣ್ಣೆ ಹಚ್ಚಿಕೋ, ತಲೆ ತಣ್ಣಗಿರಲಿ.

ಮುಖ ಎತ್ತಿಕೊಂಡೇ ಇರುವ,
ಅಮ್ಮ


ಆಗಸ್ಟ್ ೨೬

ಅಮ್ಮಾ,

ನಿನ್ನ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿದಿದೆ. ಎಣ್ಣೆ ಹಚ್ಚಿಕೊಂಡೆ. ತಲೆ ತಣ್ಣಗಾಗಲಿಲ್ಲ.

ಇಲ್ಲಿ ಒಂದು ಪುಟ್ಟ ರೂಮಿದೆ. ಗೋಡೆಗೆಲ್ಲ ಮೆತ್ತೆ, ದಪ್ಪ ಬಾಗಿಲು, ಒಂದೇ ಗಾಜಿನ ಕಿಟಕಿ. ಒಳಗೆ ಕೂತರೆ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಪಾಠ ಮಾಡುವಾಗಲೆಲ್ಲ ನಾನು ಅವರನ್ನು (ಸರಿಯಾ?) ಅದರೊಳಗೆ ಕೂರಿಸುತ್ತೇನೆ. ಹೊರಗಿನಿಂದ ಬಾಗಿಲು ಹಾಕುತ್ತೇನೆ. ಗಾಜಿನ ಈಚೆ ಕೂತು ಬಾಯಿ ಮಾತ್ರ ಆಡಿಸುತ್ತೇನೆ, ದನಿ ಕಳಿಸುವುದಿಲ್ಲ. 'ಏನು? ಏನಂದೆ?' ಅಂತ ಅವರು ಕೈ ಕೈ ಹಿಸುಕಿಕೊಳ್ಳಬೇಕು. ಕೊನೆಗೆ ಬಾಗಿಲು ತೆಗೆದು, 'ಕೇಳಿಸಿದೆ, ಲಕ್ಷ್ಯ ಕೊಟ್ಟಿಲ್ಲ' ಅಂತ ಹೇಳಿ ಕಳಿಸಬೇಕು.

ಇದನ್ನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡಿದ್ದೆ. ಮೇಡಂ ನೋಡಿಬಿಟ್ಟರು. ಸೀಟು ಹೋಯಿತು ಅಂದುಕೊಂಡೆ. ಅವರು ಕನ್ನಡಕ ತೆಗೆದು, "ಕೂರಿಸಿದ್ಮೇಲೆ ಮೊದ್ಲು ಯಾವ ಗುಂಡಿ ಒತ್ತುತ್ತೀಯ?" ಅಂದರು.

"ಗೊತ್ತಿಲ್ಲ ಮೇಡಂ."

"ಅದನ್ನ ಕಲಿ. ಸೇಡಿಗೆ ಓದೋರನ್ನ ನಾನು ಬೇಡ ಅನ್ನಲ್ಲ, ಅವರು ಕ್ಲಾಸು ತಪ್ಪಿಸಲ್ಲ. ಅರ್ಧ ಓದಿ ಸೇಡಿಗೆ ಹೊರಡ್ತಾರಲ್ಲ, ಅವರನ್ನ ಬೇಡ ಅಂತೀನಿ."

ನಿನ್ನ ವಿಷಯ ಎಲ್ಲ ಹೇಳಿದೆ. ನಿನ್ನನ್ನು ಕರೆಸು ಅಂದರು. ಟೆಸ್ಟು ಅವರೇ ಮಾಡುತ್ತಾರೆ, ಫಸ್ಟ್ ಇಯರಿನವರು ಮುಟ್ಟುವ ಹಾಗಿಲ್ಲ. ಅಮ್ಮಾ, ಕಿವಿ ಚೆನ್ನಾಗಿದೆ ಅಂತ ಬಂದರೆ ಈ ಕೋರ್ಸನ್ನೂ ಬಿಡುತ್ತೇನೆ, ಆ ಡಾಕ್ಟರನ್ನೂ ಬಿಡುತ್ತೇನೆ. ನಿನ್ನನ್ನು ಮಾತ್ರ ಬಿಡುವುದಿಲ್ಲ. ಬಾ.

ದಾರಿ ಕಾಯುತ್ತಾ,
ನಾನು


ಅಕ್ಟೋಬರ್ ೯

ಅಮ್ಮಾ,

ಬಸ್ ಸ್ಟ್ಯಾಂಡಿನಲ್ಲಿ ನೀನು ಒಂದು ಮಾತೂ ಆಡದೆ ಹತ್ತಿದೆ. ಸಿಟ್ಟಾ? ಸುಸ್ತಾ? ಕಿಟಕಿಯಿಂದ ಕೈ ಬೀಸುವಾಗಲೂ ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ನಾನು ಕೂಗಿದ್ದು ನಿನಗೆ ತಲುಪುವುದಿಲ್ಲ ಅಂತ ಈಗ ಇಬ್ಬರಿಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಆ ರೂಮಿನಲ್ಲಿ ನೀನು ಶಾಲೆಯ ಹುಡುಗಿಯ ಹಾಗೆ ಮೊಣಕಾಲು ಜೋಡಿಸಿ ಕೂತಿದ್ದೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು ಅಂತ ಹೇಳಿದ್ದರು. ನೀನು ಒತ್ತುತ್ತಲೇ ಇದ್ದೆ, ಎಲ್ಲ ಸರಿಯಾಗಿ. ಕಿವಿ ಚೆನ್ನಾಗಿದೆ, ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಮೇಡಂ ನನ್ನ ಕಡೆ ತಿರುಗಿ, "ನೀನು ಕಿಟಕಿಯಿಂದ ಈಚೆ ಬಾ. ಅವರು ನಿನ್ನ ಮುಖ ನೋಡಿ ಒತ್ತುತ್ತಿದಾರೆ" ಅಂದರು. ಅವರು ಗುಂಡಿ ಒತ್ತಿ ಸದ್ದು ಕಳಿಸಿದಾಗಲೆಲ್ಲ ನನ್ನ ಹುಬ್ಬು ಏರುತ್ತಿತ್ತಂತೆ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಆಮೇಲೆ ನಿನ್ನ ಬೆರಳು ಎಷ್ಟು ಹೊತ್ತು ಸುಮ್ಮನಿತ್ತು ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು, ರಿಪೋರ್ಟಿನಲ್ಲಿ ನೋಡಿದೆ.

ಗುಡುಗಿನಂಥ ದಪ್ಪ ಸದ್ದು ನಿನಗೆ ಸ್ವಲ್ಪ ತಿಳಿಯುತ್ತದೆ. ಹೆಂಗಸರ ಕೂಗು, ಮಕ್ಕಳ ದನಿ, ಸೀಟಿ, ಯಾವುದೂ ಇಲ್ಲ. ಪ್ರೆಸ್ಸಿನ ಸದ್ದೇ ತಿಂದಿರುವುದು, ಬಹಳ ವರ್ಷದಿಂದ, ಎರಡೂ ಕಡೆ ಸಮವಾಗಿ. ಇಲ್ಲಿ, ಸೂಜಿ ಬಿದ್ದರೆ ಕೇಳುವ ರೂಮಿನಲ್ಲಿ, ನಿನಗೆ ಆ ದನಿ ಕೇಳಲಿಲ್ಲ. ಅಲ್ಲಿ ಇಡೀ ಶೆಡ್ಡು ಬಡಿದುಕೊಳ್ಳುವಾಗ, ತಲೆ ಬಗ್ಗಿಸಿದವಳ ಕೂಗು ಹೇಗೆ ಕೇಳಬೇಕು? ಮುಖ ಕಂಡಿದ್ದರೆ ನಿನ್ನ ಕಾಲು ಪೆಡಲಿಗೆ ತಾಗುತ್ತಲೇ ಇರಲಿಲ್ಲ.

ನೀನು ತಿಂದಿಲ್ಲ ಅಮ್ಮಾ. ಆ ಬೆರಳು ನೀನು ತಿಂದಿಲ್ಲ.

ರಿಪೋರ್ಟಿನ ಒಂದು ಪ್ರತಿಯನ್ನು ಡಾಕ್ಟರಿಗೆ ಕಳಿಸುತ್ತೇನೆ, ಇನ್ನೊಂದನ್ನು ಮ್ಯಾನೇಜರಿಗೆ, ಮತ್ತೊಂದನ್ನು ಅವರ ಮನೆಯ ಗೇಟಿಗೆ ಅಂಟಿಸುತ್ತೇನೆ. ಹೂಂ ಅನ್ನು ಸಾಕು.

ನಿನ್ನ ಹೂಂ ಕಾಯುತ್ತಾ,
ಮಗಳು


ನವೆಂಬರ್ ೩

ಮಗಳಿಗೆ,

ಸಿಟ್ಟಲ್ಲ. ಹೊತ್ತ ಹೊರೆ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಹೆಗಲು ಹೇಗಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ, ಅಷ್ಟೆ.

ಗೇಟಿಗೆ ಅಂಟಿಸಬೇಡ. ಮಳೆಗೆ ಹೋಗುತ್ತದೆ, ಇಲ್ಲವೇ ಅವರ ಮನೆ ಕೆಲಸದವಳು ಕಿತ್ತು ಒಲೆಗೆ ಹಾಕುತ್ತಾಳೆ.

ನಾನು ಮೊದಲು ಗುಬ್ಬಿಯ ಮನೆಗೆ ಹೋದೆ. ನಿನ್ನ ಮೇಡಂ ಕೊಟ್ಟ ರಿಪೋರ್ಟನ್ನು ಅವಳು ತಿರುಗಿಸಿ ಮುರುಗಿಸಿ ನೋಡಿ, "ನಿನ್ನ ಮಗಳ ಕಾಲೇಜು, ನಿನ್ನ ಮಗಳ ಮೇಡಂ. ನಿನಗೆ ಬೇಕಾದ್ದೇ ಬರ್ಕೊಡ್ತಾರೆ. ನಾನು ಕೂಗಿದ್ದು ನನಗೇ ಕೇಳಿಸ್ತು, ನಿನಗೆ ಕೇಳಿಸ್ಲಿಲ್ವಾ?" ಅಂದಳು. ಕಾಗದ ವಾಪಸ್ ಕೊಟ್ಟು, ನನಗೆ ಬೆನ್ನು ಮಾಡಿ ಮೊರದಲ್ಲಿ ಕಾಳು ಆರಿಸುತ್ತಾ ಕೂತಳು. ಆ ಮೂರೇ ಬೆರಳಿನ ಕೈಯಿಂದ.

ನಾನು ಬಾಗಿಲವರೆಗೆ ಬಂದವಳು ನಿಂತೆ. ನಿನ್ನ ಮೇಡಂ ಅವರ ರಟ್ಟು ನೆನಪಾಯಿತು. ಅವಳ ಬೆನ್ನಿಗೆ ಹೇಳಿದೆ, "ಗುಬ್ಬೀ, ನಿನ್ನ ಬೆರಳು ತಿಂದವಳು ಇನ್ನೂ ಇಲ್ಲೇ ನಿಂತಿದೀನಿ. ತಾಕತ್ತಿದ್ರೆ ತಿರುಗಿ ನೋಡು."

ಅವಳು ಕಾಳು ಆರಿಸುತ್ತಲೇ ಇದ್ದಳು. ಇನ್ನೊಮ್ಮೆ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ನನಗೆ ಹೇಗೆ ಗೊತ್ತಾಗಬೇಕು. ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಎದ್ದು ಬಾಯಿ ತೆರೆದು ಅತ್ತಿತು. ಸೊಸೆ ಓಡಿ ಬಂದಳು. ಗುಬ್ಬಿಯ ಮೊರ ಮಾತ್ರ ನಿಲ್ಲಲಿಲ್ಲ. ಸೊಸೆ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಹೋಗಿ ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಅತ್ತೆ, ಅವರು ಕೂಗಿದ್ದು ಕೇಳಿಸ್ಲಿಲ್ವಾ? ಮಗು ಅಳ್ತಿರೋದು?" ಅಂದಳು.

ಗುಬ್ಬಿ ತೊಟ್ಟಿಲ ಕಡೆ ನೋಡಿದಳು. ಮೊಮ್ಮಗುವಿನ ತೆರೆದ ಬಾಯಿ ನೋಡಿದಳು. ಆಮೇಲೆ ನನ್ನನ್ನು.

ನನಗೆ ಕುಡಿಯಲು ನೀರು ಕೊಟ್ಟಳು. ಹೊರಡುವಾಗ ಒಂದೇ ಕೇಳಿದಳು: "ಆ ಡಾಕ್ಟ್ರು ನನಗೂ ಸರಿಯಾಗಿದೆ ಅಂತಲೇ ಹೇಳಿದಾರೆ. ಡಿಸೆಂಬರಲ್ಲಿ ಮತ್ತೆ ನಮ್ಮ ಶೆಡ್ಡಿಗೆ ಬರ್ತಾರೆ. ಏನು ಮಾಡ್ಬೇಕು ಅಂತ ನಿನ್ನ ಮಗಳನ್ನ ಕೇಳು."

ಕೇಳಿದ್ದೇನೆ. ಹೇಳು.

ಅಮ್ಮ


ನವೆಂಬರ್ ೧೩

ಅಮ್ಮಾ, ಗುಬ್ಬಿ ಅತ್ತೇ (ಇಬ್ಬರೂ ಕೂತು ಓದಿ),

ಕಣ್ಣು ಮುಚ್ಚಿಕೊಳ್ಳಿ. ಅಷ್ಟೇ.

ರಟ್ಟು ಹಿಡಿಯಿರಿ ಅಂದರೆ ಡಾಕ್ಟರು ಹಿಡಿಯುವುದಿಲ್ಲ. ಅದಕ್ಕೆ ರಟ್ಟನ್ನು ನಿಮ್ಮ ಕಡೆಯೇ ಇಟ್ಟುಕೊಳ್ಳಿ. ಅವರು ಎದುರಿಗೆ ಕೂತ ತಕ್ಷಣ ಕಣ್ಣು ಮುಚ್ಚಿ. ಕೇಳಿಸಿದ್ದಕ್ಕೆ ಉತ್ತರ ಕೊಡಿ, ಕೇಳಿಸದಿದ್ದರೆ ಸುಮ್ಮನಿರಿ. ನಾಟಕ ಬೇಡ. ಕೇಳಿಸುವವರು ಕೇಳಿಸಿದೆ ಅಂತಲೇ ಹೇಳಬೇಕು, ಇಲ್ಲದಿದ್ದರೆ ಎಲ್ಲ ಸೇರಿ ಕಟ್ಟಿದ ಆಟ ಅಂದುಬಿಡುತ್ತಾರೆ.

ಕಿವುಡಿ ಅಂತ ಕೆಲಸದಿಂದ ತೆಗೆದರೆ ಏನು ಗತಿ, ಅದೇ ಹೆದರಿಕೆ ನಿಮಗಿರಬಹುದು. ನನಗೂ ಇದೆ. ಮೇಡಂ ಹತ್ತಿರ ಕೇಳಿದೆ. "ಒಬ್ಬಳಿಗೆ ಕೇಳಿಸದಿದ್ರೆ ಅವಳನ್ನ ತೆಗೀತಾರೆ. ಶೆಡ್ಡಿಗೆ ಶೆಡ್ಡೇ ಕೇಳಿಸದಿದ್ರೆ ಶೆಡ್ಡನ್ನ ವಿಚಾರಿಸ್ಬೇಕಾಗುತ್ತೆ" ಅಂದರು. ಆದ್ದರಿಂದ ಒಬ್ಬರಿಬ್ಬರಾದರೆ ಮಾಡಲೇಬೇಡಿ. ಮಾಡಿದರೆ ಎಲ್ಲರೂ.

ಆ ದಿನ ನಾನು ಬಂದು ಕ್ಯಾಂಟೀನಿನ ಕಿಟಕಿಯಲ್ಲಿ ನಿಲ್ಲುತ್ತೇನೆ. ಅವರ ಮುಖ ಇಳಿಯುವುದನ್ನು ನೋಡದಿದ್ದರೆ ನನ್ನ ಓದೆಲ್ಲ ದಂಡ.

ನಿಮ್ಮಿಬ್ಬರ,
ಕಿವಿ ಕೋರ್ಸಿನವಳು


ಡಿಸೆಂಬರ್ ೨೦

ಮಗಳಿಗೆ,

ಪರೀಕ್ಷೆ ಬಿಟ್ಟು ಬರಬೇಡ ಅಂತ ನಿನಗೆ ಒಂದೇ ಸಾಲು ಬರೆದು ಹಾಕಿದ್ದಕ್ಕೆ ಮುನಿಸಿಕೊಂಡಿರುತ್ತೀಯ. ಬಂದಿದ್ದರೆ ನಿನ್ನ ಹುಬ್ಬು ನೋಡಿ ಡಾಕ್ಟರಿಗೆ ಎಲ್ಲ ಗೊತ್ತಾಗುತ್ತಿತ್ತು. ನನ್ನನ್ನೂ ಗೇಟಿನ ಒಳಗೆ ಬಿಡುವುದಿಲ್ಲ. ಗುಬ್ಬಿ ಸಂಜೆ ಮನೆಗೆ ಬಂದು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಕ್ಯಾಂಟೀನಿನಲ್ಲಿ ಮೇಜು, ಆಚೆ ಡಾಕ್ಟರು, ಈಚೆ ಸ್ಟೂಲು, ಗೋಡೆಯ ಹತ್ತಿರ ಸೂಪರ್‌ವೈಸರು. ಮೊದಲು ಕೂತವಳು ದಪ್ಪಕ್ಕ. ಕೂತಳು, ಕಣ್ಣು ಮುಚ್ಚಿದಳು. ಡಾಕ್ಟರು ಎಂದಿನ ಹಾಗೆ, "ಏನಮ್ಮ, ಮನೇಲೆಲ್ಲ ಆರಾಮಾ?" ಅಂದರಂತೆ. ಉತ್ತರ ಇಲ್ಲ. "ಕಣ್ಣು ಬಿಡಮ್ಮ." ಅದೂ ಕೇಳಿಸಲಿಲ್ಲ. ನಿದ್ದೆ ಬಂದಿರಬೇಕು ಅಂತ ಸೂಪರ್‌ವೈಸರು ನಕ್ಕರಂತೆ. ಎರಡನೆಯವಳು ಬಂದು ಮುಚ್ಚಿದಳು. ಮೂರನೆಯವಳೂ ಮುಚ್ಚಿದಳು. ಆಮೇಲೆ ಯಾರೂ ನಗಲಿಲ್ಲ.

ಗುಬ್ಬಿಯ ಸರದಿಗೆ ಡಾಕ್ಟರು ಎದ್ದು ನಿಂತು ಅವಳ ಭುಜ ಅಲುಗಿಸಿದರಂತೆ. "ಏನಿದು ಹುಡುಗಾಟ? ಕಣ್ಣು ಬಿಟ್ಟು ಮಾತಾಡು" ಅಂದರಂತೆ, ಇದು ಸಾಲಿನಲ್ಲಿದ್ದವರು ಅವಳಿಗೆ ಆಮೇಲೆ ಹೇಳಿದ್ದು.

ಇವಳು ಕಣ್ಣು ಬಿಟ್ಟು, "ಕಣ್ಣಿಗೆ ಬೇರೆ ಡಾಕ್ಟ್ರಿದಾರೆ ಸಾರ್. ನೀವು ಕಿವಿ ನೋಡೋಕೆ ಬಂದಿದೀರಿ, ಕಿವಿ ನೋಡಿ" ಅಂದು ಮತ್ತೆ ಮುಚ್ಚಿದಳಂತೆ.

ಕೊನೆಯಲ್ಲಿ ಹೊಸದಾಗಿ ಸೇರಿದ ಹುಡುಗಿ. ಅವಳೂ ಕಣ್ಣು ಮುಚ್ಚಿದಳು. ಡಾಕ್ಟರ ದನಿ ಆ ಹೊತ್ತಿಗೆ ಇಳಿದುಹೋಗಿತ್ತು, "ಹೆಸರೇನು?" ಅಂತ ಗೊಣಗಿದ್ದು ಪಕ್ಕದವರಿಗೂ ಕೇಳುವ ಹಾಗಿರಲಿಲ್ಲ. ಹುಡುಗಿ ಟಕ್ ಅಂತ ಹೇಳಿದಳು. ಕೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿಕೊಂಡೇ ಉತ್ತರ. ಅವಳಿಂದಲೇ ಡಾಕ್ಟರು ಸೋತರು ಅನ್ನುತ್ತಾಳೆ ಗುಬ್ಬಿ. ಆಟ ಅನ್ನುವ ಹಾಗಿಲ್ಲ, ಕೇಳಿಸುವವಳಿಗೆ ಕೇಳಿಸಿತಲ್ಲ.

ಆಗ ಗುಬ್ಬಿ ಎಲ್ಲರೆದುರು ಎದ್ದು, ಆ ಕೈ ಎತ್ತಿ ತೋರಿಸಿ, "ನನ್ನ ಜೊತೆಯವಳಿಗೆ ಕೇಳಿಸಿದೆ ಅಂತ ಹೇಳಿದ್ದು ನೀವು. ನಾನು ಅದನ್ನ ನಂಬಿ ಇಷ್ಟು ವರ್ಷ ಅವಳ ಮುಖ ನೋಡಿಲ್ಲ. ಈಗ ಇವರ ಮುಂದೆ ಇನ್ನೊಂದ್ಸಲ ಹೇಳಿ, ಅವಳಿಗೆ ಕೇಳಿಸಿತ್ತು ಅಂತ" ಅಂದಳಂತೆ.

"ಏನಂದ್ರು?" ಅಂತ ನಾನು ಕೇಳಿದೆ.

"ಬಾಯಿ ಅಲುಗಲಿಲ್ಲ. ನಾನು ತುಟೀನೇ ನೋಡ್ತಿದ್ದೆ" ಅಂದಳು.

ನಾವು ಒಂದೇ ಡಬ್ಬಿಯಲ್ಲಿ ಊಟ ಮಾಡಿದೆವು. ಉಪ್ಪು ಹೆಚ್ಚಾಗಿತ್ತು. ಅವಳು ಬೈದಳು.

ಅಮ್ಮ


ಜನವರಿ ೧೧

ಅಮ್ಮಾ,

ಪಾಸಾಗಿದ್ದೇನೆ. ಆದರೆ ಇದನ್ನು ಮೊದಲು ಓದು: ನಿನ್ನ ರಿಪೋರ್ಟು ಕಳಿಸಿದ್ದೆನಲ್ಲ, ನಿಮ್ಮ ಮ್ಯಾನೇಜರ ಕಾಗದ ಇವತ್ತು ಕಾಲೇಜಿಗೆ ಬಂತು. ಮುಂದಿನ ತಿಂಗಳು ಶೆಡ್ಡಿನ ಎಲ್ಲರಿಗೂ ಮೇಡಂ ಅವರ ತಂಡವೇ ಟೆಸ್ಟ್ ಮಾಡುತ್ತದೆ, ಅದು ಮುಗಿಯುವವರೆಗೆ ಯಾರನ್ನೂ ತೆಗೆಯುವ ಹಾಗಿಲ್ಲ. ಮುಂಚೆ ಕೆಲಸ ಬಿಟ್ಟವರೂ ಬರಬಹುದು. ನಾನು ವೈರು ಹೊರುವ ಕೆಲಸಕ್ಕೆ ಬರುತ್ತೇನೆ. ನೀನು ಆ ಗೇಟಿನಿಂದಲೇ ಒಳಗೆ ಬರಬೇಕು.

ನನಗೆ ಖುಷಿಯಾಗಬೇಕು. ಪಕ್ಕದ ಹಾಸಿಗೆಯವಳು, "ನಿನ್ನ ಇಂಟರ್‌ವ್ಯೂ ಸುಳ್ಳು ನಿಜ ಆಗೋಯ್ತಲ್ಲೇ" ಅಂತ ನಗುತ್ತಾಳೆ. ಆದರೂ ಒಂದು ಬಾಕಿ ಇದೆ. ಅವರು ನಿನ್ನ ಎದುರಿಗೆ ಬಂದು, ತಪ್ಪಾಯಿತು ಅಂದರಾ? ಅದೊಂದು ಬೇಕು ನನಗೆ. ಅವರ ಬಾಯಿಂದ, ನಿನಗೆ. ಅದಕ್ಕೋಸ್ಕರ ಅಲ್ಲವಾ ನಾನು ಇಷ್ಟೆಲ್ಲ ಓದಿದ್ದು?

ಇನ್ನೂ ತೃಪ್ತಿಯಾಗದ,
ಮಗಳು


ಜನವರಿ ೨೮

ಮಗಳಿಗೆ,

ಪಾಸಾದದ್ದಕ್ಕೆ ಇಸ್ತ್ರಿ ಅಂಗಡಿಯ ಯಜಮಾನರು ಎಲ್ಲರಿಗೂ ಚಹ ಕೊಡಿಸಿದರು. ಅಷ್ಟು ಕೈ ಬಿಚ್ಚುವವರಲ್ಲ.

ನೀನು ಕೇಳಿದ್ದು ಆಯಿತು. ಡಾಕ್ಟರು ಮೊನ್ನೆ ಮನೆಗೆ ಬಂದಿದ್ದರು.

ಗುಬ್ಬಿ ಇಲ್ಲೇ ಇದ್ದಳು. ಇಬ್ಬರೂ ಬಟನ್ ಹಚ್ಚುತ್ತಾ ಕೂತಿದ್ದೆವು. ಬಾಗಿಲಲ್ಲಿ ನೆರಳು ಬಿತ್ತು, ನೋಡಿದರೆ ಅವರು. ಬಹಳ ಇಳಿದುಹೋಗಿದ್ದಾರೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದರು. ನಾನು ಎದ್ದು ಕುರ್ಚಿ ಒರೆಸಿ ಹಾಕಿದೆ. ಮನೆಗೆ ಬಂದವರು, ನೀರೂ ಕೊಟ್ಟೆ. ಅವರು ಅಂತಲೇ ಬರೆದಿದ್ದೇನೆ, ನೋಡು.

ಲೋಟ ಕೆಳಗಿಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಅವರು ನನ್ನ ಮುಖಕ್ಕೆ ನೇರವಾಗಿ ಬಗ್ಗಿದರು. ಎಷ್ಟೋ ವರ್ಷದಿಂದ ನನಗೆ ಪರಿಚಯವಿರುವ ತುಟಿ ಅದು. ಅವರ ಮಾತನ್ನು ಒಂದಕ್ಷರ ಬಿಡದೆ ಹಿಡಿಯಬಲ್ಲೆ. ಆ ತುಟಿ ಮಾತಿಗೆ ಬಿಚ್ಚಿಕೊಂಡಿತು.

ನಾನು ಕಣ್ಣು ಮುಚ್ಚಿದೆ.

ಒಳಗೆ ಪೂರ್ತಿ ಕತ್ತಲೆ, ಪೂರ್ತಿ ಮೌನ. ನಿನ್ನ ಕಾಲೇಜಿನ ಆ ಮೆತ್ತೆಯ ರೂಮಿನಲ್ಲಿ ಕೂತ ಹಾಗಿತ್ತು, ಆದರೆ ಈ ಸಲ ಬಾಗಿಲು ಹಾಕಿಕೊಂಡವಳು ನಾನು. ಅವರು ಬಹಳ ಹೊತ್ತು ಮಾತಾಡಿದರು ಅಂತ ಕಾಣುತ್ತದೆ. ಉಸಿರು ಆಗಾಗ ನನ್ನ ಮುಖಕ್ಕೆ ತಾಗುತ್ತಿತ್ತು. ಒಮ್ಮೆ ನನ್ನ ಕೈಯ ಹತ್ತಿರ ಗಾಳಿ ಅಲುಗಿತು, ಮುಟ್ಟಲು ಬಂದು ಬಿಟ್ಟರೇನೋ. ನಾನು ತೆರೆಯಲಿಲ್ಲ. ಕುರ್ಚಿ ಹಿಂದೆ ಸರಿದದ್ದು ನೆಲದ ಅದುರಿನಲ್ಲಿ ತಿಳಿಯಿತು. ಆಮೇಲೆ ಬಾಗಿಲಿನ ಅದುರು.

ತಪ್ಪಾಯಿತು ಅಂದರೋ, ತಮ್ಮ ಕೆಲಸ ಉಳಿಸು ಅಂತ ಬೇಡಿದರೋ, ನನ್ನನ್ನೇ ಬೈದರೋ, ನನಗೆ ಗೊತ್ತಿಲ್ಲ. ಏನಿದ್ದರೂ ಅವರು ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕಾಯಿತು.

ಕಣ್ಣು ಬಿಟ್ಟು ಗುಬ್ಬಿಯ ಮೊಣಕೈ ತಟ್ಟಿ, "ಏನಂದ್ರೇ?" ಅಂತ ಕೇಳಿದೆ, ನಿನಗೆ ಬರೆಯಬೇಕಲ್ಲ ಅಂತ.

ಅವಳೂ ಆಗ ತಾನೇ ಕಣ್ಣು ಬಿಡುತ್ತಿದ್ದಳು.

ಬರುವಾಗ ಆ ರಟ್ಟಿನ ತುಂಡು ತಾ, ನೋಡಬೇಕು.

ಗೇಟಿನ ಹತ್ತಿರ ನಿಂತಿರುತ್ತೇನೆ,
ಅಮ್ಮ